ಕರುವಿಗೆ ಸಿಗದ ಗಿಣ್ಣು

ನಾಲ್ಕು ವರ್ಷದ ಹಿಂದಿನ ಮಾತು. ಮೈಸೂರಿನ ವಿಜಯನಗರದ ಅಂಚಿನಲ್ಲಿ ನಮ್ಮದು ಐದು ಹಸುವಿನ ಕೊಟ್ಟಿಗೆ. ಸುತ್ತ ಮನೆಗಳು ಎದ್ದವು, ನಾವು ಅಲ್ಲೇ ಉಳಿದೆವು. ಹಾಲು ಕರೆಯುವುದು, ಹೆರಿಗೆ ನೋಡುವುದು ನಲವತ್ತು ವರ್ಷದಿಂದ ನನ್ನ ಕೆಲಸ. ಮೇವು ಸೊಸೆ ಸವಿತಳದು. ನಾನು ಓದಿದ್ದು ಮೂರನೇ ಕ್ಲಾಸು, ಅವಳು ಪಿಯುಸಿ.

ಗೌರಿ ಅನ್ನೋ ಹಸು ಏಳು ತಿಂಗಳ ಗಬ್ಬ ಇದ್ದಾಗ ಡಾಕ್ಟರು ಬಂದು, ಹಾಲು ಬತ್ತಿಸಿ, ಇನ್ನೆರಡು ತಿಂಗಳು ಮಿನರಲ್ ಮಿಕ್ಸ್ಚರ್, ವಿಟಮಿನ್ ಪುಡಿ ತಪ್ಪಿಸಬೇಡಿ ಅಂದರು. ಈಗ ತಿಂದದ್ದೇ ಗಿಣ್ಣಿಗೆ ಇಳಿಯುತ್ತೆ, ಆ ಗಿಣ್ಣೇ ಕರುವಿಗೆ ಕಾವಲು ಅಂತ. ಸವಿತ ದಿನಾ ಚಮಚದಲ್ಲಿ ಅಳೆದು ಬೂಸಾಗೆ ಕಲಸಿ ತಿನ್ನಿಸಿದಳು.

"ನಾನು ಬಸುರಿ ಆಗಿದ್ದಾಗ ನನಗೂ ಯಾರೂ ಇಷ್ಟು ಮಾಡ್ಲಿಲ್ಲ ಕಣೇ" ಅಂತ ಆಡಿಕೊಂಡೆ.

"ಹೆಣ್ಣುಗರು ಹಾಕ್ಲಿ ಅತ್ತೆ, ಅದನ್ನ ನಾನೇ ಸಾಕ್ತೀನಿ" ಅಂದಳು. ಕೊಟ್ಟಿಗೆಯಲ್ಲಿ ಇದ್ದವೆಲ್ಲ ನಾನು ಆರಿಸಿ ತಂದವು. ಅವಳದು ಅಂತ ಒಂದೂ ಇರಲಿಲ್ಲ.

ದಿನ ತುಂಬಿ ಒಂದು ಬೆಳಿಗ್ಗೆ ಆರಕ್ಕೆ ಗೌರಿ ಹೆಣ್ಣುಗರುವನ್ನೇ ಹಾಕಿತು. ಸವಿತ ಒರೆಸಿ ಕೆಚ್ಚಲ ಹತ್ತಿರ ತಂದಳು. ನಾನು ತಡೆದೆ. ಕರುವಿನ ಹಿಂದೆ ಬರೋ ಮಾಸು ಬೀಳೋವರೆಗೆ ಕರು ಬಿಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ಮಾಸು ಬಿದ್ದಾಗ ಹನ್ನೊಂದು ಗಂಟೆ. ಆಮೇಲೆ ಕರೆದೆ. ಅರಿಶಿನದ ಬಣ್ಣ, ಬೆರಳಿಗೆ ಅಂಟುತ್ತಿತ್ತು. ಅಷ್ಟು ಗಟ್ಟಿ ಗಿಣ್ಣು ನಾನು ಕಂಡಿರಲಿಲ್ಲ.

"ಇದು ಕುಡುದ್ರೆ ಕರು ಭೇದಿ ಮಾಡ್ಕಂಡು ಸಾಯ್ತದೆ."

"ಡಾಕ್ಟ್ರು ಇದನ್ನೇ ಮೊದ್ಲು ಕುಡ್ಸಿ ಅಂದವ್ರೆ ಅತ್ತೆ."

"ಡಾಕ್ಟ್ರು ಎಷ್ಟು ಹೆರಿಗೆ ಮಾಡ್ಸವ್ರೆ? ನಾನೆಷ್ಟು ಮಾಡ್ಸಿವ್ನಿ?"

ಅಷ್ಟು ಗಿಣ್ಣನ್ನೂ ಬೀದಿಯ ಆರು ಮನೆಗೆ ಹಂಚಿದೆ. ಮೊದಲ ಗಿಣ್ಣು ಅಕ್ಕಪಕ್ಕಕ್ಕೆ ಕೊಡುವುದು ನಮ್ಮ ಪದ್ಧತಿ. ಕರುವನ್ನು ಬಿಟ್ಟಿದ್ದು ಸಂಜೆಯ ತೆಳು ಹಾಲಿಗೆ.

ಮೂರನೇ ದಿನ ಕರು ನೀರಿನಂತೆ ಭೇದಿ ಮಾಡಿಕೊಂಡು ಕತ್ತು ಎತ್ತಲಾರದೆ ಮಲಗಿತು. ಡಾಕ್ಟರು ಡ್ರಿಪ್ ಹಾಕಿ, ಮೊದಲ ಗಿಣ್ಣು ಎಷ್ಟು ಹೊತ್ತಿಗೆ ಕುಡಿಸಿದಿರಿ ಅಂತ ಕೇಳಿದರು. ಕುಡಿಸಲೇ ಇಲ್ಲ, ಹಂಚಿಬಿಟ್ಟೆ ಅಂತ ನಾನೇ ಹೇಳಿದೆ.

ನೋಡಲು ಬಂದಿದ್ದ ಎದುರುಮನೆ ಮೇಷ್ಟರ ಹೆಂಡತಿ, "ನಮ್ಮ ಫ್ರಿಜ್ಜಲ್ಲಿ ಇನ್ನೂ ಒಂದು ಲೋಟ ಗಿಣ್ಣು ಇದೆ ಕಣ್ರೀ" ಅಂದರು. ಸವಿತ ಓಡಿ ಹೋಗಿ ತಂದಳು. ಡಾಕ್ಟರು ಒಂದು ಸಣ್ಣ ಕೊಳವೆಯ ತುದಿಯ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿದರು. ಗಿಣ್ಣಿನ ಗುಣ ಅಳೆಯುವ ರಿಫ್ರಾಕ್ಟೋಮೀಟರ್ ಅದು.

"ಇಪ್ಪತ್ತೆರಡು ಬಂದ್ರೆ ಒಳ್ಳೇದು. ಇದು ಇಪ್ಪತ್ತಾರು."

"ಈಗ ಕುಡ್ಸುಬುಡ್ಲಾ ಸಾರ್?" ಅಂದಳು ಸವಿತ.

"ಈಗ ಕುಡಿಸಿದ್ರೆ ಬರೀ ಹೊಟ್ಟೆಗೆ ಹೋಗುತ್ತೆ ಕಣಮ್ಮ, ರಕ್ತಕ್ಕೆ ಸೇರಲ್ಲ. ಕರುಳು ಅದನ್ನ ಒಳಗೆ ಬಿಟ್ಟುಕೊಳ್ಳೋದು ಮೊದಲನೇ ದಿನ ಮಾತ್ರ. ಅದರಲ್ಲೂ ಮೊದಲ ಕೆಲವು ಗಂಟೆ."

ಮಾರನೇ ದಿನ ಮಧ್ಯಾಹ್ನ ಕರು ಸತ್ತಿತು. ಭೇದಿ ಆಗುತ್ತೆ ಅಂತ ಯಾವುದನ್ನು ತಪ್ಪಿಸಿದೆನೋ, ಭೇದಿಯಿಂದ ಕಾಯುವುದು ಅದೇ ಆಗಿತ್ತು. ಸೊಸೆ ಎರಡು ತಿಂಗಳು ತಿನ್ನಿಸಿದ್ದನ್ನು ಆರು ಮನೆಯವರು ಏಲಕ್ಕಿ ಹಾಕಿಕೊಂಡು ತಿಂದರು.

ಸವಿತ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಮುಗಿಸುತ್ತಿದ್ದೆ. ಉಳಿದ ಪುಡಿಯ ಡಬ್ಬ ನನ್ನ ಮುಂದಿಟ್ಟು, "ಇನ್ನು ನೀವೇ ತಿನ್ಸಿ" ಅಂದಳು. ಆಮೇಲೆ ಯಾವ ಕರುವನ್ನೂ ಅವಳು ತನ್ನದು ಅನ್ನಲಿಲ್ಲ.

ನಾನೇ ತಿನ್ನಿಸುತ್ತೇನೆ. ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣು ಅದರ ಬಾಯಿಗೆ. ಮಾಸು ಬಿದ್ದಾಗ ಬೀಳಲಿ. ಬೀದಿಯವರು ಪಾತ್ರೆ ತಂದರೆ ನಾಳೆ ಬನ್ನಿ ಅನ್ನುತ್ತೇನೆ. ಅಜ್ಜಿ ಕೈ ಬಿಗಿಯಾಯ್ತು ಅಂತಾರೆ, ಅನ್ನಲಿ.

ನಲವತ್ತು ವರ್ಷದಲ್ಲಿ ಸತ್ತ ಕರುಗಳಿಗೆಲ್ಲ ದೃಷ್ಟಿ, ಹಣೆಬರಹ ಅಂತ ಹೇಳಿಕೊಂಡು ಬಂದಿದ್ದೆ. ಈಗ ಒಂದೊಂದನ್ನೂ ನೆನೆದು, ಅದರ ಗಿಣ್ಣು ಯಾರ ಮನೆಗೆ ಹೋಗಿತ್ತು ಅಂತ ಕೇಳಿಕೊಳ್ಳುತ್ತೇನೆ. ಮನೆಗಳು ನೆನಪಿಗೆ ಬರುತ್ತವೆ.