ಮೂರೂಕಾಲು ಆಳು

ನಮ್ಮ ಲಾಂಡ್ರಿಯಲ್ಲಿ ನನ್ನನ್ನು ಎಲ್ಲರೂ ಸೂತ್ರಧಾರ ಅನ್ನುತ್ತಾರೆ. ಎಕ್ಸೆಲ್‌ನಲ್ಲಿ ಸೂತ್ರ ಬರೆಯಲು ಬರುವವನು ಇಲ್ಲಿ ನಾನೊಬ್ಬನೇ. ಅದು ಹೊಗಳಿಕೆಯೋ ಗೇಲಿಯೋ ಎಂದು ವಿಚಾರಿಸಲು ಹೋಗಿಲ್ಲ. ಹೋದರೆ ನಷ್ಟ ನನಗೇ.

ಇಸ್ತ್ರಿ ಮಾಡುವವರು ನಾಲ್ಕು ಜನ. ಅವರಲ್ಲಿ ಹಿರಿಯರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಅಕ್ಕನ ಮಗಳಿಗೆ ಮಾತು ತಡವರಿಸುತ್ತದೆ. ಆ ಹುಡುಗಿ ಶಾಲೆಯಲ್ಲಿ ಮೊದಲ ಸಲ ವೇದಿಕೆ ಹತ್ತಿ ಪದ್ಯ ಹೇಳುವವಳಿದ್ದಳು. ಅಮ್ಮ ಮುಂದೆ ಕೂತರೆ ಮಾತ್ರ ಬಾಯಿ ತೆರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಅದಕ್ಕೆ ಅಕ್ಕ ಶುಕ್ರವಾರಕ್ಕೆ ರಜೆ ಕೇಳಿದರು. ಅವತ್ತೇ ಹೋಟೆಲಿನ ಬೆಡ್‌ಶೀಟುಗಳ ರಾಶಿ, ಸಂಜೆ ಐದಕ್ಕೆ ವ್ಯಾನು ಹೊರಡಲೇಬೇಕು. ಮಾಲೀಕರು ನನ್ನತ್ತ ತಿರುಗಿ, ಲೆಕ್ಕ ಹಾಕಿ ಹೇಳು, ಸರಿಹೋದರೆ ಹೋಗಲಿ ಎಂದರು.

ನಾನು ಉಬ್ಬಿಹೋದೆ. ಗೋಲ್ ಸೀಕ್ ಅಂತೊಂದಿದೆ. ಬೇಕಾದ ಉತ್ತರವನ್ನು ಮೊದಲೇ ಹೇಳಿ, ಯಾವ ಚೌಕದ ಅಂಕಿ ಬದಲಾಗಬಹುದೆಂದು ತೋರಿಸಿದರೆ ಅದು ಹಿಂದಿನಿಂದ ಲೆಕ್ಕ ಹಾಕಿ ಆ ಅಂಕಿಯನ್ನು ಹುಡುಕಿಕೊಡುತ್ತದೆ. ಐದಕ್ಕೆ ಕೆಲಸ ಮುಗಿಯಲು ಎಷ್ಟು ಆಳು ಬೇಕು? ಒತ್ತಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಂಪ್ಯೂಟರನ್ನು ಬೈದೆ, ಆಫ್ ಮಾಡಿ ಆನ್ ಮಾಡಿದೆ, ವೈರು ಜಗ್ಗಿದೆ. ಕೊನೆಗೆ ನೋಡಿದರೆ ಕೆಲಸ ಮುಗಿಯುವ ಹೊತ್ತಿನ ಚೌಕದಲ್ಲಿ ಸೂತ್ರವೇ ಇಲ್ಲ. ಯಾರಾದರೂ ಕೆಡಿಸಿಯಾರೆಂದು ಸೂತ್ರ ಅಳಿಸಿ ಬರೀ ಉತ್ತರ ಅಂಟಿಸಿಡುವುದು ನನ್ನದೇ ಚಾಳಿ. ಕೆಡಿಸಲು ಬೇರೆಯವರು ಬೇಕಾಗಿರಲಿಲ್ಲ.

ಸೂತ್ರ ಮತ್ತೆ ಬರೆದೆ. ಈಗ ಉತ್ತರ ಬಂತು: ಹದಿಮೂರು ಆಳು. ದಿನಾ ನಾಲ್ಕೇ ಜನ ಮುಗಿಸುವ ಕೆಲಸಕ್ಕೆ ಹದಿಮೂರೇ? ಒಂದೊಂದೇ ಚೌಕ ತಡಕಿದಾಗ ಕಳ್ಳ ಸಿಕ್ಕಿದ. ಗಂಟೆಗೆ ಒಬ್ಬರು ಎಷ್ಟು ಬೆಡ್‌ಶೀಟ್ ಮಾಡುತ್ತಾರೆ ಎಂದು ಅವರನ್ನೇ ಕೇಳಲು ನನಗೆ ಬಿಗುಮಾನ. ಊಟದ ಹೊತ್ತಿನಲ್ಲಿ ನಾನೇ ಇಸ್ತ್ರಿ ಮಾಡಿ ನೋಡಿ, ಆ ಅಂಕಿ ತುಂಬಿದ್ದೆ. ಆ ಹದಿಮೂರು ಜನವೂ ನಾನೇ.

ನಾಚಿಕೆ ಬಿಟ್ಟು ಅಕ್ಕನ ಮೇಜಿನ ಪಕ್ಕ ನಿಂತು ಅಳೆದೆ. ಅವರ ವೇಗ ನನ್ನದರ ನಾಲ್ಕು ಪಟ್ಟು. ಮತ್ತೆ ಒತ್ತಿದೆ: ಮೂರೂಕಾಲು. ಮಾಲೀಕರು, ಹಾಗಾದರೆ ನಾಲ್ಕು ಜನ ಬೇಕೇ ಬೇಕು ಎಂದು ಹೇಳಿ ಫೋನ್ ಎತ್ತಿಕೊಂಡರು.

"ಇರ್ಲಿ ಬಿಡಿ ಸರ್, ಮಗಳಿಗೆ ನಾನೇ ಹೇಳ್ತೀನಿ" ಅಂದರು ಅಕ್ಕ. ಬೈದಿದ್ದರೆ ವಾಸಿಯಿತ್ತು. ನನಗೆ ತುಂಬ ಸಂಕಟವಾಯಿತು.

ಕಾಲು ಆಳನ್ನು ಎಲ್ಲಿಂದ ತರುವುದು ಎಂದು ಸ್ಕ್ರೀನ್ ನೋಡುತ್ತ ಕೂತೆ. ಆಗ ನಾನು ಅಳಿಸಿದ್ದ ನನ್ನದೇ ವೇಗದ ಅಂಕಿ ನೆನಪಾಯಿತು. ಅಕ್ಕನ ವೇಗದಲ್ಲಿ ಸರಿಯಾಗಿ ಕಾಲು ಭಾಗ. ಎದ್ದು ಹೋಗಿ, "ಅಕ್ಕಾ, ನೀವು ಹೋಗಿ. ಆ ಕಾಲು ಆಳು ಸಿಕ್ಕಿದಾನೆ" ಎಂದೆ.

ಶುಕ್ರವಾರ ಬೆವರು ಕಿತ್ತುಬಂತು, ಎರಡು ಬೆರಳು ಸುಟ್ಟವು. ವ್ಯಾನು ಮಾತ್ರ ಐದಕ್ಕೆ ಹೊರಟಿತು.

ಮರುದಿನ ಅಕ್ಕ ಬಂದವರೇ ನನ್ನ ಮೇಜಿನ ಹತ್ತಿರ ನಿಂತರು. "ನಡುವೆ ಒಂದ್ಸಲ ನಿಲ್ಲಿಸಿಬಿಟ್ಲು ಸರ್. ನನ್ನ ಮುಖ ನೋಡಿದ್ಲು. ಆಮೇಲೆ ಪೂರ್ತಿ ಹೇಳಿದ್ಲು."

ಕಣ್ಣೊರೆಸಿಕೊಂಡು ತಮ್ಮ ಜಾಗಕ್ಕೆ ಹೋದರು. ಅಲ್ಲಿ ಹೋಟೆಲಿನವರು ವಾಪಸು ಕಳಿಸಿದ್ದ ಬೆಡ್‌ಶೀಟುಗಳ ಒಂದು ಕಟ್ಟು ಕಾದಿತ್ತು. ಅವನ್ನು ಇಸ್ತ್ರಿ ಮಾಡಿದವರು ಯಾರೆಂದು ಅಕ್ಕ ಕೇಳಲಿಲ್ಲ. ನೀರು ಚಿಮುಕಿಸಿ, ಒಂದೊಂದಾಗಿ ಸುಕ್ಕು ಬಿಡಿಸತೊಡಗಿದರು.