ಆಯಿಯ ಸೆರಗು, ನೀಲತ್ತೆಯ ಕತ್ತರಿ

ಹುಣಸೆ ಬೀಜ ಹುರಿಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಕೊಪ್ಪಳದ ಈ ಪುಟ್ಟ ಅಡುಗೆಮನೆ ಮರೆತೇಹೋಗಿ ತಾವರಗೇರಾದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹೋಗಿ ಕೂತಿರುತ್ತೇನೆ. ಮೊನ್ನೆಯೂ ಹಾಗೇ ಆಯಿತು. ನನ್ನ ತಂಗಿಯ ಮಗಳು ಕೈಯಿಂದ ಹೊಲಿದ ದಿನಚರಿ ಪುಸ್ತಕಗಳನ್ನು ಮಾಡಿ ಮಾರುತ್ತಾಳೆ. ಅವಕ್ಕೆ ಹಳೆಯ ಕಾಲದ ಕಳೆ ಬರಲೆಂದು ಹಾಳೆಗಳನ್ನು ಚಹಾದಲ್ಲಿ ಅದ್ದುತ್ತಾಳೆ, ಅಂಚು ಸುಡುತ್ತಾಳೆ. “ದೊಡ್ಡವ್ವ, ಇದಕ್ಕ ವಿಂಟೇಜ್ ಅಂತಾರ. ನಿಮ್ಮ ನೀಲತ್ತಿ ಮಾಡ್ತಿದ್ಲಲ್ಲ, ಹಂಗ ಒಂದ್ ಹೊದಿಕಿ ಮಾಡಿಕೊಡು” ಎಂದು ದುಂಬಾಲು ಬಿದ್ದಳು. ಅಲ್ಲ, ಒಳ್ಳೆಯ ಹಾಳೆಯನ್ನು ಯಾರಾದರೂ ಚಹಾದಲ್ಲಿ ಅದ್ದುತ್ತಾರೆಯೇ! ನೀಲತ್ತೆ ನೋಡಿದ್ದರೆ ಕಿವಿ ಹಿಂಡುತ್ತಿದ್ದಳು. ಆದರೂ ಹೂಂ ಅಂದೆ. ಅಂಟಿಗೆ ಬೀಜ ಹುರಿದಿಟ್ಟು, ಬಟ್ಟೆಗೆಂದು ಕಪಾಟು ತೆರೆದರೆ ಕೈಗೆ ಬಂದದ್ದು ನೀಲತ್ತೆಯ ಇಳಕಲ್ ಸೀರೆ. ಅವಳು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು. ಇದಕ್ಕೆ ಕತ್ತರಿ ಹಾಕುವುದು ನನ್ನಿಂದ ಆದೀತೇ ಎಂದು ಅಲ್ಲೇ ಕೂತುಬಿಟ್ಟೆ.

ನೀಲತ್ತೆ ನನ್ನ ಅಪ್ಪನ ತಂಗಿ. ಮನೆಯ ಮುಂದೆ ಅಜ್ಜನ ಬಟ್ಟೆ ಅಂಗಡಿ, ಹಿಂದೆ ನಾವು, ನಡುವಿನ ಪಡಸಾಲೆ ಮಾತ್ರ ಅವಳ ರಾಜ್ಯ. ಮನೆಯ ಹೆಂಗಸರು ಸೋಬಾನೆ ಹಾಡು ಬರೆದಿಡುತ್ತಿದ್ದ ಪುಸ್ತಕಗಳಿಗೆಲ್ಲ ಅವಳೇ ಹೊದಿಕೆ ಮಾಡುವವಳು. ಸೀರೆ ಡಬ್ಬಿಯ ರಟ್ಟು, ಉಳಿದ ಕುಪ್ಪಸದ ಖಣದ ತುಂಡು, ಬಟ್ಟೆಯ ಥಾನುಗಳ ಮೇಲೆ ಅಂಟಿಕೊಂಡು ಬರುತ್ತಿದ್ದ ಬಣ್ಣದ ಚೀಟಿಗಳು, ಯಾವುದೂ ಅವಳ ಕೈತಪ್ಪಿ ಕಸಕ್ಕೆ ಹೋಗುತ್ತಿರಲಿಲ್ಲ. ಆ ಚೀಟಿಗಳಲ್ಲಿ ಗಿಳಿ ಇರುತ್ತಿತ್ತು, ಆನೆ ಇರುತ್ತಿತ್ತು, ಹೊಗೆ ಬಿಡುವ ರೈಲು ಇರುತ್ತಿತ್ತು. ಕುದಿಯುವ ನೀರಿನ ಹಬೆಗೆ ಹಿಡಿದು, ಮೂಲೆ ಹರಿಯದಂತೆ ಬಿಡಿಸಿ, ಹೊದಿಕೆಯ ನಡುವೆ ಕೂಡಿಸುತ್ತಿದ್ದಳು. ಹುಣಸೆ ಬೀಜ ಹುರಿದು, ಸಿಪ್ಪೆ ಸುಲಿದು, ನೆನೆಸಿ, ರುಬ್ಬಿ, ಕುದಿಸಿ, ಹುಳ ಹಿಡಿಯಬಾರದೆಂದು ಚಿಟಿಕೆ ನೀಲಿ ಮೈಲುತುತ್ತ ಹಾಕಿದ ಅಂಟು ಅವಳದು. ಬಟ್ಟೆಯ ಮೇಲೆ ಅವಳ ಅಂಗೈ ಓಡಾಡುವುದನ್ನು ನೀವು ನೋಡಬೇಕಿತ್ತು! ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಕೈ ಒರೆಸಲು ಮಾತ್ರ ಬೇರೆ ಅರಿವೆ ಇರುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಸೆರಗು ಇದ್ದೇ ಇತ್ತಲ್ಲ. “ಸೀರಿ ಹಾಳ ಮಾಡ್ತಿ ನೋಡ” ಎಂದು ಆಯಿ, ಅಂದರೆ ಅವಳ ತಾಯಿ, ನನ್ನ ಅಜ್ಜಿ, ಗದರುತ್ತಿದ್ದಳು. ಹಾಗೆ ಗದರುತ್ತಲೇ ಹೂರಣದ ಕೈಯನ್ನು ತನ್ನ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅಂಥ ಮನೆ ಅದು.

ಆಯಿ ಹೋದಾಗ ಹಬ್ಬಹಬ್ಬಕ್ಕೆ ಉಡುತ್ತಿದ್ದ ಒಂದು ಕರಿಯ ಇಳಕಲ್ ಸೀರೆ ಬಿಟ್ಟುಹೋದಳು. ಕೆಂಪು ಸೆರಗು, ಅದರಲ್ಲಿ ಬಿಳಿಯ ಪಟ್ಟೆ. ಅಳವಂಡಿ ಊರಿಗೆ ಕೊಟ್ಟಿದ್ದ ದೊಡ್ಡತ್ತೆ, ನೀಲತ್ತೆಯ ಅಕ್ಕ, ಅದು ತನಗೇ ಬೇಕೆಂದಳು. ನೀಲತ್ತೆಯೂ ಬಿಡಲೊಲ್ಲಳು. ಒಂದೇ ತಟ್ಟೆಯಲ್ಲಿ ಉಂಡ ಅಕ್ಕತಂಗಿಯರು ಮುಖ ತಿರುವಿಕೊಂಡು ಓಡಾಡಿದರು. ಇನ್ನು ಅಳವಂಡಿಯ ಬಂಡಿ ನಮ್ಮ ಬಾಗಿಲಿಗೆ ಬರುವುದಿಲ್ಲವೇನೋ ಎಂದು ನನಗೆ ಹೆದರಿಕೆ. ಒಂದು ಮಧ್ಯಾಹ್ನ ನೀಲತ್ತೆ ಆ ಸೀರೆಯನ್ನು ಪಡಸಾಲೆಯಲ್ಲಿ ಹಾಸಿ ಕತ್ತರಿ ಹಿಡಿದು ಕೂತಳು. ಹರಿದ ಸೀರೆ ಹೊದೆಯುವ ಕೌದಿಗೆ ಹೋಗುವುದು ಸರಿ, ಗಟ್ಟಿಮುಟ್ಟಾದ ಸೀರೆಗೆ ಕತ್ತರಿಯೇ!

“ಹುಚ್ಚಿ ಅದಿಯೇನ ನೀ? ಅವ್ವನ ಸೀರಿಗೆ ಕತ್ರಿ ಹಾಕ್ತಿ?” ದೊಡ್ಡತ್ತೆ ಕೂಗಿಕೊಂಡಳು.

“ಉಟ್ರ ಒಬ್ಬಾಕೀನ ಉಡಬೇಕು. ಇನ್ನೊಬ್ಬಾಕಿ?” ಎಂದ ನೀಲತ್ತೆ ಸೀರೆಯ ಮೇಲೆ ಕೈಯಿಟ್ಟು, “ಅವ್ವಾ, ಸಿಟ್ಟಾಗಬ್ಯಾಡ” ಅಂದಳು. ಅಂಚಿನ ಹೊಳೆಯುವ ದಡಿ ಬಿಟ್ಟು, ಬಿಳಿ ಪಟ್ಟೆ ಅರಿಶಿನಕ್ಕೆ ತಿರುಗಿದ್ದ ಕಡೆ, ಆಯಿ ಕೈ ಒರೆಸಿ ಒರೆಸಿ ಕಲೆಯಾಗಿದ್ದ ಕಡೆಯೇ ಕತ್ತರಿ ಇಟ್ಟಳು. ಅಯ್ಯೋ, ಹಾಡಿನ ಪುಸ್ತಕದ ಮುಖಪುಟಕ್ಕೆ ಹೊಲಸು ತುಂಡೇ ಬೇಕಿತ್ತೇನ ಎಂದು ದೊಡ್ಡತ್ತೆ ಸಿಡುಕಿದರೆ, “ಛಲೋದು ನಮ್ಮ ಅಂಗಡ್ಯಾಗನ ಸಿಗತೈತಿ. ಅವ್ವನ ಕೈ ಎಲ್ಲಿ ಸಿಗತೈತಿ, ಅಕ್ಕಾ?” ಅಂದಳು. ದೊಡ್ಡತ್ತೆ ತಂಗಿಯ ಪಕ್ಕ ಬಂದು ಕೂತಳು. ಅವಳೇ ರಟ್ಟು ಹಿಡಿದುಕೊಟ್ಟಳು. ಇಬ್ಬರ ಹಾಡಿನ ಪುಸ್ತಕಕ್ಕೂ ಆಯಿಯ ಸೆರಗು ಬಂತು. ಎರಡನ್ನೂ ಬೀಸುಕಲ್ಲಿನ ಕೆಳಗೆ ಒತ್ತಲಿಟ್ಟು ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದರು. ಎಂಥ ಹೆಣ್ಣುಮಗಳು ನನ್ನ ನೀಲತ್ತೆ! ಅಷ್ಟು ಧೈರ್ಯ ನಾನು ಬೇರೆಲ್ಲೂ ಕಂಡಿಲ್ಲ.

ಈಗ ಆ ಅಂಗಡಿಯಿಲ್ಲ, ಪಡಸಾಲೆಯಿಲ್ಲ, ಆ ಅಕ್ಕತಂಗಿಯರೂ ಇಲ್ಲ. ನಿಮಗೂ ಹೀಗೊಂದು ಮನೆ ಇತ್ತಲ್ಲವೇ? ಇದ್ದರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ.

ಮರುದಿನ, ನೆನೆದ ಬೀಜ ರುಬ್ಬಿ ಅಂಟು ಕುದಿಸಿಟ್ಟು, ನೀಲತ್ತೆಯ ಸೀರೆ ಬಿಚ್ಚಿ ಹಾಸಿದೆ. ಸೆರಗಿನ ಮೇಲೆ ಕೈಯಾಡಿಸುವಾಗ ಬೆರಳಿಗೆ ಗಡುಸಾಗಿ ಏನೋ ತಾಗಿತು. ಒಣಗಿದ ಅಂಟು. ಮೈಲುತುತ್ತದ ತುಸು ನೀಲಿ ಇನ್ನೂ ಇತ್ತು. ಕೊನೆಯ ಸಲ ಅವಳು ಒರೆಸಿದ್ದನ್ನು ಯಾರೂ ಒಗೆದಿರಲಿಲ್ಲ.

“ದೊಡ್ಡವ್ವ, ಅಲ್ಲಿ ಕಲಿ ಆಗೇತಿ. ಈ ಕಡಿ ದಡಿ ಭಾಳ ಛಂದೈತಿ ನೋಡು” ಅಂದಳು ಹುಡುಗಿ.

“ಸುಮ್ಮನಿರ ನೀ” ಅಂದೆ. ಸೀರೆಯ ಮೇಲೆ ಕೈಯಿಟ್ಟು, “ಅತ್ತಿ, ಸಿಟ್ಟಾಗಬ್ಯಾಡ” ಎಂದು ಆ ಕಲೆಯ ಸುತ್ತಲೇ ಕತ್ತರಿ ನಡೆಸಿದೆ. ಅಳು ತಡೆಯಲಾಗಲಿಲ್ಲ, ಅತ್ತೆ. ಅಂಟು ಹಚ್ಚಿ, ಬಟ್ಟೆ ಕೂಡಿಸಿ, ಅಂಗೈಯಿಂದ ಸುಕ್ಕು ತೆಗೆದು ಮುಗಿಸುವ ಹೊತ್ತಿಗೆ ಹುಡುಗಿ ನನ್ನನ್ನೇ ನೋಡಿ ನಗುತ್ತಿದ್ದಳು. ಯಾಕೆಂದು ಬಗ್ಗಿ ನೋಡಿದರೆ, ಅಂಟಿನ ಕೈಯನ್ನು ನನ್ನ ಸೆರಗಿಗೆ ಒರೆಸಿಕೊಂಡಿದ್ದೆ.