ಕಚೇರಿ ವೇಳೆ

ನೆಬ್ರಾಸ್ಕಾದ ಮರಳುಗುಡ್ಡಗಳ ನಡುವಿನ ವಾರ್ನರ್ ಫ್ಲಾಟ್ ಶಾಲೆಯಲ್ಲಿ, ಹಿಂಬದಿಯ ಕೋಣೆಯ ಗೋಡೆಗೆ ಒಂದು ದೊಡ್ಡ ಟಿ.ವಿ. ಇತ್ತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂಬತ್ತೂವರೆಗೆ ನೂರಿಪ್ಪತ್ತು ಮೈಲಿ ದೂರದ ಕಾಲೇಜಿನ ಓಡೆಗಾರ್ಡ್ ಮೇಡಂ ಅದರಲ್ಲಿ ಕಾಣಿಸಿಕೊಂಡು ರಸಾಯನಶಾಸ್ತ್ರ ಹೇಳುತ್ತಿದ್ದರು. ಹೈಸ್ಕೂಲಿನ ಮಕ್ಕಳು ಕೂತು ಕೇಳುವ ಕಾಲೇಜು ಪಾಠ ಅದು. ಪಾಸಾದರೆ ಹೈಸ್ಕೂಲಿಗೂ ಲೆಕ್ಕ, ನಾಳೆ ಕಾಲೇಜಿಗೂ ಲೆಕ್ಕ. ಕೋಣೆಯಲ್ಲಿ ದೊಡ್ಡವರೊಬ್ಬರು ಕೂತಿರಲೇಬೇಕು ಎಂಬ ನಿಯಮವಿತ್ತು. ಹಾಗೆ ಕೂರುತ್ತಿದ್ದವಳು ಲೊರೀನ್ ವೊಂಡ್ರಾ.

ಟಿ.ವಿ. ಹಚ್ಚುವುದು, ಹಾಜರಿ ಹೇಳುವುದು, ಪರೀಕ್ಷೆಗೆ ಕಾವಲು ಕೂರುವುದು, ಇಷ್ಟೇ ಅವಳ ಕೆಲಸ. ಹನ್ನೊಂದು ವರ್ಷ ಅದೇ ಹಿಂದಿನ ಕುರ್ಚಿಯಲ್ಲಿ ಕೂತು ಅದೇ ಪಾಠವನ್ನು ಹನ್ನೊಂದು ಸಲ ಕೇಳಿದ್ದಳು. ಮೇಡಂ ಯಾವ ವಾರ ಯಾವ ತಮಾಷೆ ಮಾಡುತ್ತಾರೆ ಎಂಬುದೂ ಅವಳಿಗೆ ಬಾಯಿಪಾಠ. ಮೇಡಮ್ಮಿಗೆ ಮಾತ್ರ ಅವಳ ಮುಖ ಗೊತ್ತಿರಲಿಲ್ಲ. ಕ್ಯಾಮೆರಾ ಮುಂದಿನ ಸಾಲಿಗಷ್ಟೇ ಎಟುಕುತ್ತಿತ್ತು.

ಅರವತ್ತು ವರ್ಷದ ಲೊರೀನಳ ಮುಖ ಸರಿಯಾಗಿ ನೋಡುವವರು ಮನೆಯಲ್ಲೂ ಇರಲಿಲ್ಲ. ಗಂಡ ಲೆನರ್ಡ್ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಾಗಲಿಲ್ಲ. ಬೆಳಿಗ್ಗೆ ರೇಡಿಯೋ ದನಗಳ ಧಾರಣೆ ಹೇಳುತ್ತಿತ್ತು. ದನ ಮಾರಿ ಐದು ವರ್ಷವಾಗಿದ್ದರೂ ಅವಳು ಅದನ್ನು ಆರಿಸುತ್ತಿರಲಿಲ್ಲ. ಭಾನುವಾರ ಬೇಯಿಸಿದ್ದು ಬುಧವಾರದವರೆಗೆ ಸಾಕಾಗುತ್ತಿತ್ತು. ಒಬ್ಬಳಿಗೆ ಮೇಜು ಯಾಕೆ ಎಂದು ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದಳು.

ಆ ವರ್ಷ ಕೋಣೆಯಲ್ಲಿ ಒಬ್ಬಳೇ ವಿದ್ಯಾರ್ಥಿನಿ. ದನ ಸಾಕುವ ಕ್ಲೈನ್ ಮನೆಯ ಹುಡುಗಿ, ಹದಿನೇಳರ ಮ್ಯಾಲರಿ. ನರ್ಸ್ ಆಗಬೇಕೆಂಬ ಆಸೆ ಅವಳದು. ಆ ಮನೆಯಲ್ಲಿ ಕಾಲೇಜಿನ ಗೇಟು ಕಂಡವರು ಯಾರೂ ಇಲ್ಲ. ಊಟದ ಮೇಜಿಗೆ ಹೋದರೆ ಗೆಳತಿಯರು "ಬನ್ನಿ ಪ್ರೊಫೆಸರಮ್ಮ, ನಾವು ದಡ್ಡರು, ದೂರ ಕೂರ್ತೀವಿ" ಎಂದು ರೇಗಿಸುತ್ತಿದ್ದರು. ರೇಗಿಸಿ ರೇಗಿಸಿ ನಿಜವಾಗಿಯೂ ದೂರ ಕೂತರು. ಈಗ ಮ್ಯಾಲರಿ ಟಿ.ವಿ. ಕೋಣೆಗೇ ಬುತ್ತಿ ತಂದು, ಲೊರೀನಳ ಎದುರು ಕೂತು, ಮಾತಿಲ್ಲದೆ ತಿನ್ನುತ್ತಿದ್ದಳು. ಲೊರೀನಳಿಗೆ ದಿನದಲ್ಲಿ ಕೂತು ಉಣ್ಣುವ ಊಟ ಅದೊಂದೇ.

ಮೊದಲ ಪರೀಕ್ಷೆಯಲ್ಲಿ ಹುಡುಗಿಗೆ ನೂರಕ್ಕೆ ನಲವತ್ತೊಂದು ಅಂಕ, ಎರಡನೆಯದರಲ್ಲಿ ಮೂವತ್ತೆಂಟು. ಪಾಸಾಗಲು ಅರವತ್ತಾದರೂ ಬೇಕಿತ್ತು. ಪಾಠದಿಂದ ಹೆಸರು ತೆಗೆಸಲು ಶುಕ್ರವಾರ ಕೊನೆಯ ದಿನ. ಆಮೇಲೆ ಫೇಲಾದರೆ ಆ ಕಪ್ಪುಚುಕ್ಕೆ ಕಾಲೇಜಿನ ದಾಖಲೆಯಲ್ಲಿ ಜೀವನಪೂರ್ತಿ ಉಳಿಯುತ್ತದೆ. ಬುಧವಾರ ಊಟದ ಹೊತ್ತಿಗೆ ಮ್ಯಾಲರಿ ಅರ್ಜಿ ತುಂಬಿಕೊಂಡೇ ಬಂದಳು.

"ಇಲ್ಲೊಂದು ಸೈನ್ ಮಾಡಿ, ಮಿಸೆಸ್ ವೊಂಡ್ರಾ. ಸಾಕಾಯ್ತು ನಂಗೆ. ನರ್ಸೂ ಬೇಡ, ಗಿರ್ಸೂ ಬೇಡ."

ಸುಳ್ಳೇಕೆ, ಲೊರೀನಳಿಗೆ ಮೊದಲು ಹೊಳೆದದ್ದು ತನ್ನದೇ ಗತಿ. ಇವಳು ಬಿಟ್ಟರೆ ಪಾಠವೇ ನಿಂತಂತೆ. ಹಾಗೆ ಹೊಳೆದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

"ಮೇಡಂನ ಒಂದ್ಸಲ ಕೇಳಿ ನೋಡ್ದ್ಯಾ?"

"ಯಾವಾಗ ಕೇಳ್ಲಿ? ಪಾಠ ಮುಗಿದ ತಕ್ಷಣ ಮಾಯ ಆಗ್ತಾರೆ."

"ಪಾಠದ ಹಾಳೇಲಿ ಬರ್ದಿದಾರಲ್ಲ, ಗುರುವಾರ ಒಂದರಿಂದ ಮೂರು ಅಂತ."

"ಅಯ್ಯೋ, ಅದು ಅವರ ಆಫೀಸ್ ಟೈಮು! ಅವರ ಕೆಲ್ಸ ಅವರಿಗಿರುತ್ತೆ. ಆ ಹೊತ್ತಲ್ಲಿ ತೊಂದ್ರೆ ಕೊಡ್ಬಾರ್ದು ಅಂತಾನೇ ತಾನೇ ಬರ್ದಿರೋದು?"

ಲೊರೀನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣೇ," ಅಂದಳು.

"ನೀವಾ?"

"ಎಂಬತ್ತೊಂದನೇ ಇಸವೀಲಿ. ದೊಡ್ಡ ಯೂನಿವರ್ಸಿಟಿಗೆ ಹೋಗಿದ್ದೆ. ಇದೇ ಕೆಮಿಸ್ಟ್ರಿ. ಏನೂ ತಲೆಗೆ ಹತ್ತಲಿಲ್ಲ. ಹಾಳೇಲಿ ಆಫೀಸ್ ಟೈಮು ಮಂಗಳವಾರ ಎರಡರಿಂದ ನಾಲ್ಕು ಅಂತ ಬರ್ದಿತ್ತು. ಪಾಪ, ಕೆಲ್ಸದಲ್ಲಿರ್ತಾರೆ ಅಂತ ಮಂಗಳವಾರ ಅವರ ಬಾಗಿಲ ಮುಂದೆ ಹಾದುಹೋಗ್ಬೇಕಾದ್ರೆ ಸದ್ದಾಗ್ದೇ ಇರ್ಲಿ ಅಂತ ತುದಿಗಾಲಲ್ಲಿ ನಡೀತಿದ್ದೆ. ನವೆಂಬರಲ್ಲಿ ಬಿಟ್ಟು ಬಂದೆ. ಅಮ್ಮಂಗೆ ಹುಷಾರಿಲ್ಲ ಅಂತ ಊರಿಗೆಲ್ಲ ಸುಳ್ಳು ಹೇಳ್ದೆ."

"ಮತ್ತೆ ಅದು ಏನಕ್ಕಿರೋದು, ಆ ಟೈಮು?"

"ನಮಗೇ ಇರೋದು! ಬಾಗಿಲು ತೆಗ್ದಿಟ್ಕೊಂಡು, ಯಾರಾದ್ರೂ ಬರ್ಲಿ ಅಂತ ಕೂತಿರ್ತಾರಂತೆ. ಇಲ್ಲಿ ಕೂತ್ಮೇಲೆ, ಐವತ್ತು ದಾಟಿದ್ಮೇಲೆ ಗೊತ್ತಾಯ್ತು ನಂಗೆ."

ಮ್ಯಾಲರಿ ನಗಲಿಲ್ಲ. "ಯಾರೂ ಹೇಳ್ಲಿಲ್ವಾ ನಿಮ್ಗೆ?"

"ಕೇಳ್ಬೇಕು ಅಂತಾನೇ ಗೊತ್ತಿರ್ಲಿಲ್ಲ. ನೋಡು, ನಾನು ಅಲ್ಲಿ ಒಬ್ಳೇ ಇದ್ದೆ, ಮುನ್ನೂರು ಮೈಲಿ ದೂರ. ನೀನು ಎಡವೋದಾದ್ರೆ ಇಲ್ಲೇ ಎಡವು. ಸಂಜೆ ಮನೇಲಿ ಊಟ ಇರುತ್ತೆ, ನಿಮ್ಮಮ್ಮ ಇರ್ತಾಳೆ. ಈ ಪಾಠ ಇರೋದೇ ಅದಕ್ಕೆ. ನಾಳೆ ಒಂದು ಗಂಟೆಗೆ ಟಿ.ವಿ. ಹಾಕ್ತೀನಿ. ಆಮೇಲೂ ಬೇಡ ಅಂದ್ರೆ ಸೈನ್ ಮಾಡ್ತೀನಿ, ಒಂದು ಮಾತೂ ಆಡಲ್ಲ."

ಗುರುವಾರ ಪರದೆಯ ಮೇಲೆ ಓಡೆಗಾರ್ಡ್ ಮೇಡಂ ಬ್ರೆಡ್ಡು ತಿನ್ನುತ್ತ ಒಬ್ಬರೇ ಕೂತಿದ್ದರು. ಹುಡುಗಿಯ ಮುಖ ಕಂಡದ್ದೇ ತಡ ಗಡಿಬಿಡಿಯಲ್ಲಿ ಬಾಯಿ ಒರೆಸಿಕೊಂಡರು.

"ಅಬ್ಬಾ, ಒಬ್ಬರಾದ್ರೂ ಬಂದ್ರಲ್ಲ! ವಾರ ವಾರ ಎರಡು ಗಂಟೆ ಗೋಡೆ ನೋಡ್ಕೊಂಡು ಕೂರ್ತೀನಮ್ಮ. ನಿನ್ನ ಪೇಪರ್ ನೋಡಿ, ಇವಳು ಯಾಕೆ ಬರ್ತಿಲ್ಲ ಅಂತ ಯೋಚಿಸ್ತಿದ್ದೆ. ಹೇಳು, ಎಲ್ಲಿಂದ ಶುರು ಮಾಡೋಣ?"

ಲೊರೀನ್ ಎದ್ದು ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಆ ಮಂಗಳವಾರಗಳಲ್ಲಿ ಅಲ್ಲಿಯೂ ಒಬ್ಬರು ಹೀಗೇ ಬಾಗಿಲು ತೆರೆದು ಕಾಯುತ್ತಿದ್ದಿರಬೇಕು. ಹೊರಗೆ ಇವಳು ತುದಿಗಾಲಲ್ಲಿ ನಡೆದುಹೋಗಿದ್ದಳು. ಇಷ್ಟು ವರ್ಷದ ಮೇಲೆ ಆ ಮನುಷ್ಯನ ಮೇಲೂ ಅವಳಿಗೆ ಕನಿಕರ ಹುಟ್ಟಿತು.

ಮ್ಯಾಲರಿ ಅರ್ಜಿಯನ್ನು ಹರಿದು ಕಸದಬುಟ್ಟಿಗೆ ಹಾಕಿದಳು. ಪ್ರತಿ ಗುರುವಾರ ಪರದೆಯ ಮುಂದೆ ಕೂತಳು. ಡಿಸೆಂಬರಿನಲ್ಲಿ ಎಂಬತ್ಮೂರು ಅಂಕ ಬಂತು. ಅದೇ ಧೈರ್ಯದಲ್ಲಿ ಕಾಲೇಜಿನ ಇಂಗ್ಲಿಷು, ಮನಶ್ಶಾಸ್ತ್ರದ ಪಾಠಗಳನ್ನೂ ಆ ಟಿ.ವಿ. ಮುಂದೆಯೇ ಮುಗಿಸಿಬಿಟ್ಟಳು. ಹೈಸ್ಕೂಲು ಮುಗಿಯುವ ಹೊತ್ತಿಗೆ ಕಾಲೇಜಿನ ಸುಮಾರು ಅರ್ಧ ವರ್ಷದ ಓದು ಅವಳ ಕೈಯಲ್ಲಿತ್ತು. ಆಗಸ್ಟಿನಲ್ಲಿ ಕಾಲೇಜಿಗೆ ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಲೊರೀನಳಿಗೆ ಹೇಳಿಹೋಗಲು ಬರಲಿಲ್ಲ. ಬಂದಾಳು ಎಂದು ಲೊರೀನ್ ಮೂರು ದಿನ ಮನೆಬಿಟ್ಟು ಕದಲಿರಲಿಲ್ಲ.

ಮುಂದಿನ ವರ್ಷ ಪಾಠಕ್ಕೆ ಯಾರೂ ಹೆಸರು ಕೊಡಲಿಲ್ಲ. ಟಿ.ವಿ.ಯನ್ನು ಬಿಚ್ಚಿ ಬೇರೆ ಶಾಲೆಗೆ ಸಾಗಿಸಿದರು. ಲೊರೀನಳನ್ನು ಗ್ರಂಥಾಲಯದ ಪುಸ್ತಕಗಳಿಗೆ ಸೀಲು ಒತ್ತಲು ಹಾಕಿದರು. ಮಧ್ಯಾಹ್ನದ ಊಟವೂ ನಿಂತೇ ಆಯಿತು.

ನವೆಂಬರಿನಲ್ಲಿ, ಮನೆಮಂದಿಯೆಲ್ಲ ಸೇರಿ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಊರಿನ ಅಂಗಡಿಯಲ್ಲಿ ಅವಳು ಒಂದೇ ಒಂದು ಗೆಣಸು ಆರಿಸುತ್ತಿದ್ದಳು. ಹಿಂದಿನಿಂದ ಯಾರೋ ಬಂದು ತಬ್ಬಿಕೊಂಡರು. ಮ್ಯಾಲರಿ!

"ಮಿಸೆಸ್ ವೊಂಡ್ರಾ, ಬೈಬೇಡಿ. ನಿಮ್ಮ ಕಥೆ ಒಬ್ಳಿಗೆ ಹೇಳ್ಬಿಟ್ಟೆ."

"ಯಾರಿಗೆ?"

"ಹಾಸ್ಟೆಲಲ್ಲಿ ನನ್ನ ಪಕ್ಕದ ರೂಮಿನವಳು, ವಿಲ್ಲಾ ಅಂತ. ನಮ್ಮ ಕಡೆಯವಳೇ. ಹೋದ ತಿಂಗಳು ಗಂಟುಮೂಟೆ ಕಟ್ಟಿ, ಕರ್ಕೊಂಡು ಹೋಗು ಅಂತ ಅವರಪ್ಪಂಗೆ ಫೋನ್ ಮಾಡಿದ್ಲು. ಅವಳಿಗೂ ಅದೇ ತಪ್ಪು ತಿಳುವಳಿಕೆ, ಆಫೀಸ್ ಟೈಮಿಂದು. ಮೆಟ್ಟಿಲ ಮೇಲೆ ಕೂರಿಸ್ಕೊಂಡು ನಿಮ್ದು ಪೂರ್ತಿ ಹೇಳ್ದೆ, ತುದಿಗಾಲಿಂದೂ ಸೇರಿಸಿ."

"ಮನೆಗೆ ಹೋದ್ಲಾ?"

"ಇಲ್ಲ! ಅವರಪ್ಪ ಟ್ರಕ್ ತಂದಿದ್ರು, ಖಾಲಿ ವಾಪಸ್ ಹೋದ್ರು. ಬರ್ತೀನಿ, ಅಮ್ಮ ಕಾಯ್ತಿದಾಳೆ."

ಹುಡುಗಿ ಓಡಿದಳು. ಲೊರೀನ್ ಆ ಒಂದು ಗೆಣಸಿನ ಪೊಟ್ಟಣ ಹಿಡಿದು ಕಾರಿಗೆ ಬಂದು ಕೂತಳು, ಕೀಲಿ ತಿರುಗಿಸಲಿಲ್ಲ. ಎಂಬತ್ತೊಂದರಲ್ಲಿ ಅವಳಪ್ಪನೂ ಟ್ರಕ್ಕು ತಂದಿದ್ದ. ಹಾಸಿಗೆ, ಪೆಟ್ಟಿಗೆ ಎಲ್ಲ ಏರಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಐದು ತಾಸಿನ ದಾರಿಯಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ, ಅವಳೂ ಆಡಲಿಲ್ಲ. ಅಂದು ಬಾರದ ಅಳು ಈಗ ಬಂತು. ಅಂಗಡಿಗೆ ಹೋಗಿಬರುವವರು ಯಾರು ನೋಡಿದರೂ ನೋಡಲಿ ಎಂದು ಲೊರೀನ್ ಜೋರಾಗಿಯೇ ಅತ್ತಳು.